ಎಲುಬು ಒಪ್ಪಿಕೊಂಡ ಲೋಹ



ಆಷಾಢದ ಮಳೆ ಒಂದೆರಡು ದಿನ ಬಿಡುವು ಕೊಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಅವಸರ ಮೊದಲಾಗುತ್ತದೆ. ಪಾಚಿ ಹಿಡಿದು ಜಾರುವ ಮರವನ್ನು, ಕಾಲಿಗೆ ಸಿಕ್ಕಿಸಿದ ಹಗ್ಗದ ಬಳೆಯೊಂದನ್ನೇ ನೆಚ್ಚಿ, ನಲವತ್ತು ಐವತ್ತು ಅಡಿಗಳೆತ್ತರಕ್ಕೆ ಏರುವ ಕುಶಲಿಗಳಲ್ಲಿ ಕೆಲವರು ಹಿಡಿತ ತಪ್ಪಿ ಬಿದ್ದು ತೊಡೆಯನ್ನೋ ಸೊಂಟವನ್ನೋ ಬೆನ್ನೆಲುಬನ್ನೋ ಮುರಿದುಕೊಳ್ಳುವುದು ಈ ಸೀಮೆಯವರಿಗೆ ಹೊಸ ಸುದ್ದಿಯಲ್ಲ. ಅದೇ ದಿನಗಳಲ್ಲಿ ಅಂಗಳದ ಪಾಚಿಯಲ್ಲಿಯೋ ಬಚ್ಚಲಿನಲ್ಲಿಯೋ ಕಾಲು ಜಾರಿ ಬಿದ್ದ ವೃದ್ಧೆಯರ ಸೊಂಟದ ಕೀಲು ಮುರಿಯುವುದೂ ಉಂಟು. ಮಂಗಳೂರಿನ ಅಥವಾ ದೇರಳಕಟ್ಟೆಯ ಆಸ್ಪತ್ರೆಯಿಂದ ಮರಳಿ ಬಂದವರನ್ನು ವಿಚಾರಿಸಲು ನೆರೆಕರೆಯವರು ಬಂದಾಗ, “ರಾಡು ಹಾಕಿದ್ದಾರೆ”, “ಪ್ಲೇಟು ಕೂರಿಸಿದ್ದಾರೆ”, “ಸೊಂಟದ ಬಾಲು ಬದಲಿಸಿದ್ದಾರೆ” ಎಂಬ ಮಾತುಗಳು ಕಾಫಿಯ ಜತೆಗೆ ಸಲೀಸಾಗಿ ಹರಿದುಹೋಗುತ್ತವೆ.

ಇಷ್ಟು ಸಲೀಸಾಗಿ ಆಡಿಬಿಡುವ ಈ ಮಾತಿನ ಹಿಂದೆ ಗಹನವಾದೊಂದು ಪ್ರಶ್ನೆಯಿದೆ. ನಾವು ಸಮನೆಲದಲ್ಲಿ ಸಾವಧಾನವಾಗಿ ನಡೆಯುವಾಗಲೂ ಸೊಂಟದ ಕೀಲಿನ ಮೇಲೆ ದೇಹತೂಕದ ಎರಡೂವರೆ ಮೂರು ಪಾಲಿನಷ್ಟು ಹೊರೆ ಬೀಳುತ್ತದೆ. ಅಂಥ ಹೆಜ್ಜೆಗಳನ್ನು ವರ್ಷಕ್ಕೆ ಲಕ್ಷಗಟ್ಟಲೆ ಇಡುವ ಮನುಷ್ಯನ ತೊಡೆಯೆಲುಬಿನೊಳಗೆ, ಬೆವರಿಗಿಂತಲೂ ಉಪ್ಪಾದ ದೇಹದ್ರವದಲ್ಲಿ ಸದಾ ತೋಯುತ್ತ, ಜೀವವಿಲ್ಲದ ಲೋಹದ ತುಂಡೊಂದು ಇಪ್ಪತ್ತು ವರ್ಷ ಅಲುಗದೆ ನಿಲ್ಲುವುದಾದರೂ ಹೇಗೆ? ಅದನ್ನು ಎಲುಬಿನೊಡನೆ ಕಟ್ಟಿಹಾಕುವ ಬಂಧ ಯಾವುದು? ಈ ಬಂಧವನ್ನು ಬಲಪಡಿಸುವುದಕ್ಕಾಗಿ ಲೋಹದ ಹೊರಮೈಯನ್ನು ವಿಜ್ಞಾನಿಗಳು ಯಾವ ಯಾವ ಬಗೆಯಲ್ಲಿ ರೂಪಿಸುತ್ತಿದ್ದಾರೆ? ಇಂದಿನ ಭಾಷಣದಲ್ಲಿ ನಾನು ನಿವೇದಿಸಬೇಕೆಂದಿರುವ ವಿಷಯ ಇದು.

ಮೊದಲು ಎಲುಬಿನ ಸ್ವಭಾವವನ್ನು ಅರಿಯೋಣ. ಪಾಠಶಾಲೆಯ ಕಪಾಟಿನಲ್ಲಿ ಒಣಗಿದ ಎಲುಬನ್ನು ಕಂಡವರಿಗೆ ಅದೊಂದು ಜಡಪದಾರ್ಥವೆಂಬ ಭಾವನೆ ಮೂಡುವುದು ಸಹಜವಾದರೂ, ದೇಹದೊಳಗಿನ ಎಲುಬು ರಕ್ತನಾಳಗಳಿಂದ ವ್ಯಾಪ್ತವಾದ, ಸದಾ ಕ್ಷಯಿಸುತ್ತ ಸದಾ ಪುನರ್ನಿರ್ಮಿತವಾಗುತ್ತಿರುವ ಸಜೀವ ಅಂಗಾಂಶವಾಗಿದೆ. ಅದರ ತೂಕದ ಮೂರರಲ್ಲಿ ಸುಮಾರು ಎರಡು ಪಾಲು ಕ್ಯಾಲ್ಸಿಯಮ್ ಮತ್ತು ಫಾಸ್ಫೇಟುಗಳಿಂದಾದ ಖನಿಜ. ಉಳಿದುದರಲ್ಲಿ ಬಹುಭಾಗ ಕೊಲಾಜೆನ್ ಎಂಬ ತಂತುರೂಪದ ಪ್ರೋಟೀನು. ಒಂದು ಜಾತಿಯ ಜೀವಕೋಶಗಳು ಹಳೆಯ ಎಲುಬನ್ನು ಕರಗಿಸುತ್ತ ಹೋದಂತೆ ಇನ್ನೊಂದು ಜಾತಿಯವು ಆ ಎಡೆಯಲ್ಲಿ ಹೊಸತನ್ನು ಕಟ್ಟುತ್ತ ಬರುತ್ತವೆ. ಈ ಎರಡು ಕಾರ್ಯಗಳ ತೂಗುವಿಕೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಎಲುಬು ಹೊರುವ ಭಾರ. ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದಂತೆ, ಹೊರೆ ಬಿದ್ದ ಕಡೆಯಲ್ಲಿ ಎಲುಬು ದಟ್ಟವಾಗುತ್ತದೆ, ಹೊರೆ ತಪ್ಪಿದ ಕಡೆಯಲ್ಲಿ ಸೊರಗುತ್ತದೆ.

ಎಲುಬಿಗೆ ತನ್ನನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯಿದೆಯೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಸುಶ್ರುತಸಂಹಿತೆಯು ಸಂಧಿಮುಕ್ತವನ್ನು, ಎಂದರೆ ಕೀಲು ತಪ್ಪುವುದನ್ನು, ಆರು ಬಗೆಯಾಗಿಯೂ ಕಾಂಡಭಗ್ನವನ್ನು, ಎಂದರೆ ಎಲುಬು ಮುರಿಯುವುದನ್ನು, ಹನ್ನೆರಡು ಬಗೆಯಾಗಿಯೂ ವಿಂಗಡಿಸಿ, ಸರಿದ ಎಲುಬನ್ನು ಎಳೆದು ಸ್ವಸ್ಥಾನಕ್ಕೆ ತಂದು, ಅತ್ತಿ, ಅರಳಿ, ಬಿದಿರು ಮೊದಲಾದವುಗಳ ತೊಗಟೆ ಮತ್ತು ಸೀಳುಗಳನ್ನಿಟ್ಟು ಬಟ್ಟೆಯಿಂದ ಬಿಗಿಯುವ ಕ್ರಮವನ್ನು ವಿವರಿಸಿದೆ. ಬಿದಿರಿನ ದಬ್ಬೆಯನ್ನಿಟ್ಟು ಕಟ್ಟು ಕಟ್ಟುವ ಹಳ್ಳಿಯ ನಾಟಿವೈದ್ಯನ ಕೈಗೂ, ಪ್ಲಾಸ್ಟರು ಹಾಕುವ ಆಸ್ಪತ್ರೆಯ ಕೈಗೂ ಆಧಾರವಾಗಿರುವ ತತ್ತ್ವ ಒಂದೇ: ಮುರಿದುದನ್ನು ಕೂಡಿಸುವುದು ಎಲುಬಿನದೇ ಕೆಲಸ, ವೈದ್ಯನ ಪಾಲಿಗೆ ಉಳಿದಿರುವುದು ಅದಕ್ಕೆ ಸರಿಯಾದ ಸ್ಥಾನವನ್ನೂ ಸಾಕಷ್ಟು ನಿಶ್ಚಲತೆಯನ್ನೂ ಒದಗಿಸುವುದು. ಲೋಹವನ್ನು ಎಲುಬಿನೊಳಗಿಡುವ ಇಂದಿನ ಶಾಸ್ತ್ರವೂ ಬಹಳ ದೂರ ಸುತ್ತಿ ಬಂದು ಇದೇ ತತ್ತ್ವದ ಬಳಿ ನಿಂತಿದೆಯೆಂಬುದನ್ನು ಮುಂದೆ ಕಾಣುವೆವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ದೇಹದೊಳಗೆ ಇಡುವ ಲೋಹಗಳೆಲ್ಲ ಒಂದೇ ಉದ್ದೇಶದವುಗಳಲ್ಲ. ಮುರಿದ ಎಲುಬನ್ನು ಕೆಲವು ತಿಂಗಳ ಪರ್ಯಂತ ಹಿಡಿದಿಡುವ ರಾಡು, ಪ್ಲೇಟು, ಸ್ಕ್ರೂಗಳು ತಾತ್ಕಾಲಿಕ ಸಹಾಯಕರು. ಎಲುಬು ಕೂಡಿಕೊಂಡ ಬಳಿಕ ಅವುಗಳನ್ನು ಹೊರತೆಗೆಯಬೇಕಾಗಿ ಬರುವುದುಂಟು, ಬೆಳೆಯುವ ಮಕ್ಕಳಲ್ಲಂತೂ ಹೆಚ್ಚಾಗಿ ತೆಗೆಯುತ್ತಾರೆ. ಇಂಥವುಗಳಿಗೆ ಎಲುಬು ಅಂಟಿಕೊಂಡುಬಿಟ್ಟರೆ ತೆಗೆಯುವಾಗ ವೈದ್ಯನೂ ರೋಗಿಯೂ ಪಡುವ ಪಾಡು ಸಣ್ಣದಲ್ಲ. ಆದುದರಿಂದ ಅವುಗಳ ಮೈಯನ್ನು ನುಣ್ಣಗೆ ಮಾಡುವುದೂ ಒಂದು ಬಗೆಯ ವಿನ್ಯಾಸವೇ ಸರಿ. ಸವೆದುಹೋದ ಕೀಲಿಗೆ ಬದಲಾಗಿ ಕೂರಿಸುವ ಕೃತಕ ಸಂಧಿಯಾದರೋ ರೋಗಿಯ ಉಳಿದ ಆಯುಷ್ಯವೆಲ್ಲ ಅಲ್ಲಿಯೇ ಇರಬೇಕಾದ ನಿವಾಸಿ. ಎಲುಬು ಇದನ್ನು ತನ್ನದೆಂದು ಒಪ್ಪಿಕೊಳ್ಳದಿದ್ದರೆ ಲೋಹ ಸಡಿಲವಾಗಿ, ನಡೆದಾಗಲೆಲ್ಲ ನೋವು ಹುಟ್ಟಿ, ಕೊನೆಗೆ ಎರಡನೆಯ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತದೆ. ಎರಡನೆಯ ಸಲ ಕೈಯಿಡುವಾಗ ಮೊದಲಿದ್ದಷ್ಟು ಒಳ್ಳೆಯ ಎಲುಬು ಉಳಿದಿರುವುದಿಲ್ಲವೆಂಬುದೇ ಇದರಲ್ಲಿ ಹೆಚ್ಚಿನ ಕಷ್ಟ.

ಕೃತಕ ಸೊಂಟದ ಕೀಲನ್ನು ನಂಬಿಕೆಗೆ ಅರ್ಹವಾದ ಚಿಕಿತ್ಸೆಯಾಗಿ ಮಾಡಿದ ಕೀರ್ತಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯನಿಗೆ ಸಲ್ಲುತ್ತದೆ. 1962ರಲ್ಲಿ ಅವನು ಲೋಹದ ಸಣ್ಣ ಗುಂಡನ್ನು ಪಾಲಿಎಥಿಲೀನಿನ ಬಟ್ಟಲಿನೊಳಗೆ ಉರುಳುವಂತೆ ಮಾಡಿದ ವ್ಯವಸ್ಥೆಯೇ ಇಂದಿಗೂ ಜಗತ್ತಿನ ಬಹುಪಾಲು ಕೃತಕ ಸೊಂಟಗಳ ಮೂಲಮಾದರಿ. ಲೋಹದ ಕಾಂಡವನ್ನು ತೊಡೆಯೆಲುಬಿನ ಪೊಳ್ಳಿನಲ್ಲಿ ನಿಲ್ಲಿಸಲು ಅವನು ಬಳಸಿದ್ದು ದಂತವೈದ್ಯರಿಗೆ ಪರಿಚಿತವಾಗಿದ್ದ ಅಕ್ರಿಲಿಕ್ ದ್ರವ್ಯವನ್ನು. ಪುಡಿಯನ್ನೂ ದ್ರವವನ್ನೂ ಕಲಸಿದರೆ ಮೊದಲು ಕಣಕದಂತಾಗಿ, ಬಿಸಿಯನ್ನು ಹೊರಸೂಸುತ್ತ, ಹತ್ತು ನಿಮಿಷಗಳ ಆಸುಪಾಸಿನಲ್ಲಿ ಕಲ್ಲಾಗುವ ಈ ದ್ರವ್ಯವನ್ನು ಆಸ್ಪತ್ರೆಗಳಲ್ಲಿ ‘ಸಿಮೆಂಟು’ ಎನ್ನುತ್ತಾರೆ. ಇದು ಅಂಟಲ್ಲ, ಎಲುಬಿನ ಸಂದುಗೊಂದುಗಳಿಗೆ ನುಗ್ಗಿ ಗಟ್ಟಿಯಾಗಿ ಲೋಹವನ್ನು ಬಂಧಿಸುವ ಭರ್ತಿ. ವೃದ್ಧರ ಸಡಿಲವಾದ ಎಲುಬಿನಲ್ಲಿ ಶಸ್ತ್ರಚಿಕಿತ್ಸೆಯ ದಿನವೇ ಗಟ್ಟಿಯಾದ ಆಸರೆ ದೊರೆಯಬೇಕಾದಾಗ ಇಂದಿಗೂ ಇದು ಉತ್ತಮ ಮಾರ್ಗವೇ. ಆದರೆ ಸಿಮೆಂಟಿಗೆ ಜೀವವಿಲ್ಲ. ಒಮ್ಮೆ ಬಿರುಕು ಬಿಟ್ಟಿತೆಂದರೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಉಪಾಯ ಅದಕ್ಕೆ ಗೊತ್ತಿಲ್ಲ. ನಲವತ್ತರ ಪ್ರಾಯದ ದುಡಿಯುವ ಮನುಷ್ಯನ ಸೊಂಟದಲ್ಲಿ ಎಲುಬೇ ನೇರವಾಗಿ ಲೋಹವನ್ನು ಹಿಡಿದುಕೊಳ್ಳುವುದಾದರೆ ಎಷ್ಟು ಚೆನ್ನ ಎಂಬ ಆಸೆ ಹುಟ್ಟಿದ್ದು ಹೀಗೆ.

ಆ ಆಸೆ ಈಡೇರುವ ಸೂಚನೆ ಅದಾಗಲೇ ಬೇರೆ ಕಡೆಯಲ್ಲಿ ತೋರಿತ್ತು. ಅಮೆರಿಕದ ಗಾಟ್ಲೀಬ್ ಲೆವೆಂಥಾಲ್ ಎಂಬವನು ಇಲಿಗಳ ತೊಡೆಯೆಲುಬಿಗೆ ಟೈಟೇನಿಯಮ್ ಸ್ಕ್ರೂಗಳನ್ನು ಹಾಕಿ ನೋಡಿ, ವಾರಗಳು ಕಳೆದಂತೆ ಅವು ಸಡಿಲವಾಗುವುದರ ಬದಲು ಬಿಗಿಯಾಗುತ್ತ ಹೋಗಿ, ಹದಿನಾರು ವಾರಗಳ ತರುವಾಯ ಒಂದನ್ನು ತಿರುಚಿ ತೆಗೆಯಹೋದಾಗ ಸ್ಕ್ರೂ ಬರುವ ಮುನ್ನ ಎಲುಬೇ ಮುರಿಯಿತೆಂದು 1951ರಲ್ಲಿ ವರದಿ ಮಾಡಿದನು. ಮರುವರ್ಷವೇ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೆರ್-ಇಂಗ್ವರ್ ಬ್ರೋನೆಮಾರ್ಕ್, ಮೊಲದ ಎಲುಬಿನ ಮಜ್ಜೆಯಲ್ಲಿ ರಕ್ತಸಂಚಾರ ಹೇಗಾಗುತ್ತದೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕಾಗಿ ಟೈಟೇನಿಯಮ್ಮಿನ ಪುಟ್ಟ ಕೋಶಗಳನ್ನು ಎಲುಬಿನೊಳಗೆ ಇರಿಸಿದ್ದನು. ಪ್ರಯೋಗ ಮುಗಿದ ಮೇಲೆ ಆ ದುಬಾರಿ ಕೋಶಗಳನ್ನು ಬಿಚ್ಚಿ ಮತ್ತೆ ಬಳಸಬೇಕೆಂದು ನೋಡಿದರೆ ಎಲುಬು ಅವುಗಳನ್ನು ಬಿಟ್ಟುಕೊಡಲು ಸಿದ್ಧವಿರಲಿಲ್ಲ. ಇನ್ನೊಬ್ಬನಾಗಿದ್ದರೆ ಉಪಕರಣ ಹಾಳಾಯಿತೆಂದು ವ್ಯಥೆಪಟ್ಟು ಸುಮ್ಮನಾಗುತ್ತಿದ್ದನೋ ಏನೋ. ಬ್ರೋನೆಮಾರ್ಕನು ರಕ್ತಸಂಚಾರದ ವಿಷಯವನ್ನು ಬದಿಗಿಟ್ಟು ಈ ಬಿಡದ ಹಿಡಿತದ ಬೆನ್ನು ಹತ್ತಿದನು. 1965ರಲ್ಲಿ ಯೊಟೆಬೊರಿ ನಗರದಲ್ಲಿ ಮೊದಲ ರೋಗಿಯ ದವಡೆಗೆ ಟೈಟೇನಿಯಮ್ ಬೇರುಗಳನ್ನು ನೆಟ್ಟು ಹಲ್ಲುಗಳನ್ನು ಕೂರಿಸಿದ ಅವನ ಮಾತನ್ನು ವೈದ್ಯಲೋಕ ಸುಲಭವಾಗಿ ನಂಬಲಿಲ್ಲ. 1982ರ ಟೊರಾಂಟೊ ಸಮ್ಮೇಳನದ ವೇಳೆಗೆ, ಹದಿನೇಳು ವರ್ಷಗಳ ದಾಖಲೆಗಳನ್ನು ಮುಂದಿಟ್ಟ ಬಳಿಕ ಮಾತ್ರ, ಸಂದೇಹ ನಿವಾರಣೆಯಾಯಿತು.

ಟೈಟೇನಿಯಮ್ಮಿನಲ್ಲಿ ಅಂಥ ವಿಶೇಷವೇನು? ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಸಾಗಿದರೆ ಕೊಲ್ಲಂ ಬಳಿಯ ಚವರದಲ್ಲಿ ಕಡಲಂಚಿನ ಕಪ್ಪು ಮರಳಾಗಿ ರಾಶಿಬಿದ್ದಿರುವ ಇಲ್ಮೆನೈಟ್ ಎಂಬುದೇ ಅದರ ಅದಿರು. ಅದಿರಿನಿಂದ ಬಿಡಿಸಿದ ಲೋಹ ಗಾಳಿ ಸೋಕಿದ ಕ್ಷಣದಲ್ಲಿಯೇ ಕೆಲವೇ ನ್ಯಾನೊಮೀಟರುಗಳಷ್ಟು ತೆಳುವಾದ ಆಕ್ಸೈಡಿನ ಪೊರೆಯನ್ನು ತೊಟ್ಟುಕೊಳ್ಳುತ್ತದೆ. ಗೀರಿದರೆ ಮರುಕ್ಷಣದಲ್ಲಿ ಮತ್ತೆ ತೊಟ್ಟುಕೊಳ್ಳುತ್ತದೆ. ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ದೇಹಕ್ಕೆ ಎದುರಾಗುವುದು ಲೋಹವಲ್ಲ, ಈ ಪೊರೆ. ದೇಹದ್ರವದಲ್ಲಿ ಕರಗದ, ಜೀವಕೋಶಗಳನ್ನು ಕೆಣಕದ ಇದರ ಮೇಲೆ ರಕ್ತದ ಪ್ರೋಟೀನುಗಳು ಬಂದು ಕೂರುತ್ತವೆ; ಅವುಗಳನ್ನು ಹಿಡಿದುಕೊಂಡು ಜೀವಕೋಶಗಳು ನೆಲೆಸುತ್ತವೆ. ತುಕ್ಕುಹಿಡಿಯದ ಉಕ್ಕಿನ ಸುತ್ತ ಎಲುಬು ಸಾಮಾನ್ಯವಾಗಿ ತೆಳ್ಳನೆಯ ನಾರಿನ ಪದರವೊಂದನ್ನು ಹೆಣೆದು ಅದನ್ನು ಹೊರಗಿನವನಂತೆ ಕಾಣುವುದಾದರೆ, ಟೈಟೇನಿಯಮ್ಮಿನೊಡನೆ ನಡುವೆ ನಾರಿಲ್ಲದೆ ನೇರವಾಗಿ ಸೇರಿಕೊಳ್ಳಬಲ್ಲದು.

ಆದರೆ ನೆಂಟಸ್ತಿಕೆಗೆ ಒಪ್ಪುವ ಕುಲದ ಲೋಹ ದೊರೆತಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ; ಅದರ ಹೊರಮೈ ಹೇಗಿರಬೇಕೆಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಇದನ್ನು ತಿಳಿಯಲು ನಮ್ಮ ತಾಲ್ಲೂಕುಗಳ ಮುರಕಲ್ಲಿನ ಗೋಡೆಯನ್ನು ನೋಡಿದರೆ ಸಾಕು. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿಗಳ ಮೂಲಕ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಕಡಿಯುವಾಗ ಮೆತ್ತಗಿದ್ದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಈ ಕೆಂಪು ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನಿತ್ತು ಭೂವಿಜ್ಞಾನಕ್ಕೆ ಪರಿಚಯಿಸಿದನು. ಮುರಕಲ್ಲಿನ ಮೈತುಂಬ ರಂಧ್ರಗಳು. ಗಾರೆ ಹಚ್ಚಿದರೆ ಆ ರಂಧ್ರಗಳೊಳಗೆ ಇಳಿದು, ಅಲ್ಲಿಯೇ ಗಟ್ಟಿಯಾಗಿ, ಕಲ್ಲನ್ನು ಸಾವಿರ ಬೆರಳುಗಳಿಂದ ಹಿಡಿದುಕೊಂಡುಬಿಡುತ್ತದೆ. ನುಣುಪಾದ ಕರಿಕಲ್ಲಿನ ಮೇಲೆ ಅದೇ ಗಾರೆ ಹಪ್ಪಳದಂತೆ ಎದ್ದುಬರುವುದನ್ನು ಮೇಸ್ತ್ರಿಗಳೆಲ್ಲ ಬಲ್ಲರು. ಕೃತಕ ಕೀಲಿನ ಲೋಹಕ್ಕೂ ಇಂಥದೇ ರಂಧ್ರಮಯವಾದ ಹೊರಪದರವಿದ್ದರೆ, ಬೆಳೆಯುವ ಎಲುಬು ಅದರೊಳಗೆ ಹೊಕ್ಕು ಗಟ್ಟಿಯಾಗಿ ಲೋಹವನ್ನು ಹಿಡಿಯಬಹುದಷ್ಟೆ. ಹೋಲಿಕೆಗೆ ಒಂದು ಮಿತಿಯುಂಟು: ಗಾರೆ ತಾನಾಗಿ ಹರಿದು ಒಳಹೋಗುತ್ತದೆ, ಎಲುಬಾದರೋ ಅಲ್ಲಿ ಬದುಕಬೇಕು, ಬದುಕಲು ಅದಕ್ಕೆ ರಕ್ತನಾಳಗಳು ಬೇಕು, ರಕ್ತನಾಳಗಳು ನುಸುಳಲು ಹಾದಿ ಬೇಕು. ಆದುದರಿಂದ ರಂಧ್ರಗಳು ಸುಮಾರು ನೂರರಿಂದ ನಾಲ್ಕುನೂರು ಮೈಕ್ರೊಮೀಟರುಗಳಷ್ಟು ಅಗಲವಾಗಿಯೂ ಒಂದಕ್ಕೊಂದು ಒಳದಾರಿಗಳಿಂದ ಕೂಡಿಕೊಂಡೂ ಇರಬೇಕೆಂಬುದು ಅನೇಕ ಪ್ರಯೋಗಗಳಿಂದ ಸಿದ್ಧವಾಗಿದೆ. ಮೈಕ್ರೊಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೆಂದು ತಿಳಿದಿದ್ದರೆ ಮುಂದಿನ ಮಾತಿಗೆ ಅನುಕೂಲ.

ಇಂಥ ಮೈಯನ್ನು ಪಡೆಯಲು ಹಲವು ಬಗೆಗಳುಂಟು. ಲೋಹದ ಸಣ್ಣ ಮಣಿಗಳನ್ನು ಕಾಂಡದ ಮೇಲೆ ಹರಡಿ, ಕರಗುವ ಮಟ್ಟಕ್ಕಿಂತ ತುಸು ಕೆಳಗಿನ ಕಾವಿನಲ್ಲಿ ಪರಸ್ಪರ ಬೆಸುಗೆಯಾಗುವಂತೆ ಮಾಡುವುದು ಒಂದು; ತಂತಿಯ ಜಾಲರಿಯನ್ನು ಒತ್ತಿ ಕೂಡಿಸುವುದು ಇನ್ನೊಂದು; ಪ್ಲಾಸ್ಮಾ ಎಂಬ ಅತ್ಯುಗ್ರವಾದ ಕಾವಿನ ಅನಿಲಧಾರೆಯಲ್ಲಿ ಟೈಟೇನಿಯಮ್ ಪುಡಿಯನ್ನು ಕರಗಿಸಿ ಎರಚುವುದು ಮತ್ತೊಂದು. ಈ ಶತಮಾನದಲ್ಲಿ ಬಳಕೆಗೆ ಬಂದ ಮುದ್ರಣವಿಧಾನದಲ್ಲಿ ಲೋಹದ ಪುಡಿಯನ್ನು ಪದರಪದರವಾಗಿ ಹಾಸಿ, ಬೇಕಾದ ಎಡೆಯಲ್ಲಿ ಮಾತ್ರ ಲೇಸರಿನಿಂದಲೋ ಎಲೆಕ್ಟ್ರಾನ್ ಕಿರಣದಿಂದಲೋ ಕರಗಿಸುತ್ತ ಹೋಗುವುದರಿಂದ, ಗಟ್ಟಿಯಾದ ಒಳತಿರುಳೂ ರಂಧ್ರಮಯವಾದ ಹೊರಮೈಯೂ ಒಂದೇ ಅಖಂಡ ವಸ್ತುವಾಗಿ ಹುಟ್ಟುತ್ತವೆ. ಇದರಿಂದ ಇನ್ನೊಂದು ಲಾಭವೂ ಇದೆ. ಕೀಲುಗಳಿಗೆ ಬಳಸುವ ಟೈಟೇನಿಯಮ್ ಮಿಶ್ರಲೋಹ ಗಟ್ಟಿ ಎಲುಬಿಗಿಂತ ಐದಾರು ಪಾಲು ಪೆಡಸು. ಕೀಲುಗಳಿಗೆ ಬಳಸುವ ಇನ್ನೊಂದು ಮಿಶ್ರಲೋಹವಾದ ಕೋಬಾಲ್ಟ್-ಕ್ರೋಮಿಯಮ್ ಹತ್ತು ಪಾಲಿಗೂ ಹೆಚ್ಚು. ಪೆಡಸಾದ ಲೋಹ ಹೊರೆಯನ್ನೆಲ್ಲ ತಾನೇ ಹೊತ್ತರೆ, ವೋಲ್ಫನ ನಿಯಮಕ್ಕನುಸಾರವಾಗಿ ಪಕ್ಕದ ಎಲುಬು ಕೆಲಸವಿಲ್ಲದೆ ಸೊರಗುತ್ತದೆ. ರಂಧ್ರಗಳನ್ನು ಹದವರಿತು ಬಿಟ್ಟರೆ ಲೋಹದ ಪೆಡಸುತನ ತಗ್ಗಿ, ಎಲುಬಿಗೂ ತನ್ನ ಪಾಲಿನ ಭಾರ ದೊರೆಯುತ್ತದೆ.

ರಂಧ್ರಗಳಿಗಿಂತಲೂ ಸೂಕ್ಷ್ಮವಾದ ಸ್ತರವೊಂದಿದೆ. ಎಲುಬು ಕಟ್ಟುವ ಒಂದು ಜೀವಕೋಶದ ಅಳತೆ ಇಪ್ಪತ್ತು ಮೂವತ್ತು ಮೈಕ್ರೊಮೀಟರುಗಳು ಮಾತ್ರ. ನೂರು ಮೈಕ್ರೊಮೀಟರಿನ ರಂಧ್ರವೇ ಅದರ ಪಾಲಿಗೆ ವಿಶಾಲವಾದ ಪ್ರದೇಶ. ಅದು ತನ್ನ ಎಳೆಯಂಥ ಚಾಚುಗಳಿಂದ ತಡವಿ ನೋಡುವುದು ಒಂದೆರಡು ಮೈಕ್ರೊಮೀಟರುಗಳ ಏರಿಳಿತಗಳನ್ನು. ಮರಳಿನಂಥ ಗಟ್ಟಿಕಣಗಳನ್ನು ರಭಸದಿಂದ ಎರಚಿ, ಆಮೇಲೆ ಆಮ್ಲದಲ್ಲಿ ಅದ್ದಿ ತೆಗೆದ ಟೈಟೇನಿಯಮ್ಮಿನ ಮೇಲೆ ಇಂಥ ಏರಿಳಿತಗಳು ಮೂಡುತ್ತವೆ. ವಿದ್ಯುತ್ತನ್ನು ಹಾಯಿಸಿ ಆಕ್ಸೈಡಿನ ಪೊರೆಯನ್ನು ದಪ್ಪಗೊಳಿಸಿದರೆ ನ್ಯಾನೊಮೀಟರುಗಳ ಅಳತೆಯ ನಳಿಕೆಗಳ ಸಾಲುಗಳನ್ನೇ ಎಬ್ಬಿಸಬಹುದು. ನುಣುಪಾದ ಮೈಗಿಂತ ಹದವಾಗಿ ಒರಟಾದ ಮೈಯ ಮೇಲೆ ಈ ಜೀವಕೋಶಗಳು ಬೇಗನೆ ಪ್ರೌಢವಾಗಿ ಎಲುಬನ್ನು ಕಟ್ಟತೊಡಗುತ್ತವೆ. ಅತಿಯಾಗಿ ಒರಟಾದರೂ ಲಾಭವಿಲ್ಲ; ದವಡೆಗೆ ನೆಡುವ ಟೈಟೇನಿಯಮ್ ಬೇರುಗಳ ವಿಷಯದಲ್ಲಿ ಒಂದರಿಂದ ಎರಡು ಮೈಕ್ರೊಮೀಟರುಗಳ ಒರಟುತನವೇ ಹದವೆಂದು ಕಂಡುಬಂದಿದೆ.

ರೂಪದ ಬಳಿಕ ರಸಾಯನ. ಎಲುಬಿನ ಖನಿಜಕ್ಕೆ ಅತಿ ಸಮೀಪವಾದ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಮ್ ಫಾಸ್ಫೇಟನ್ನು ಪ್ರಯೋಗಶಾಲೆಯಲ್ಲಿ ತಯಾರಿಸಬಹುದು. ಸಮುದ್ರದ ಚಿಪ್ಪು, ಮೀನಿನ ಮುಳ್ಳು, ಮೊಟ್ಟೆಯ ಸಿಪ್ಪೆಗಳಿಂದಲೂ ಪಡೆಯಬಹುದು. ಲೋಹಕ್ಕೆ ಇದರ ಲೇಪವನ್ನು ಕೊಟ್ಟರೆ ಎಲುಬು ಅದನ್ನು ತನ್ನವನೆಂದೇ ಭಾವಿಸಿ ಅದರ ಮೇಲೆ ನೇರವಾಗಿ ಬೆಳೆಯುತ್ತದೆಂಬ ತತ್ತ್ವದ ಮೇಲೆ 1980ರ ದಶಕದ ನಡುವಿನಲ್ಲಿ ಯುರೋಪಿನಲ್ಲಿ ಲೇಪಿತ ಕಾಂಡಗಳು ಬಳಕೆಗೆ ಬಂದವು. ಲೇಪದ ದಪ್ಪದಲ್ಲಿಯೂ ಒಂದು ಧರ್ಮಸೂಕ್ಷ್ಮವಿದೆ: ತೀರ ತೆಳುವಾದರೆ ಎಲುಬು ಬೆಳೆಯುವ ಮೊದಲೇ ಕರಗಿಹೋದೀತು, ತೀರ ದಪ್ಪವಾದರೆ ಬಿರಿದು ಸಿಪ್ಪೆಯಾಗಿ ಎದ್ದೀತು, ಆದುದರಿಂದ ಐವತ್ತರಿಂದ ನೂರೈವತ್ತು ಮೈಕ್ರೊಮೀಟರುಗಳ ಮಧ್ಯಮಮಾರ್ಗವನ್ನು ಹಿಡಿಯುತ್ತಾರೆ. ಇದಕ್ಕೆ ಹಿಂದೆಯೇ, 1969ರಲ್ಲಿ, ಫ್ಲಾರಿಡ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಲುಬಿನೊಡನೆ ಬೆಸೆದುಕೊಳ್ಳುವ ಒಂದು ಜಾತಿಯ ಗಾಜನ್ನು ನಿರ್ಮಿಸಿದ್ದನು; ಜಪಾನಿನ ತಾದಾಶಿ ಕೊಕುಬೊ, ಟೈಟೇನಿಯಮ್ಮನ್ನು ಕ್ಷಾರದಲ್ಲಿ ನೆನೆಸಿ ಕಾಯಿಸಿದರೆ ಲೇಪವೇ ಇಲ್ಲದೆ ದೇಹದ್ರವದಿಂದ ತಾನಾಗಿ ಅಪಟೈಟಿನ ಪದರವನ್ನು ಬರಮಾಡಿಕೊಳ್ಳುತ್ತದೆಂದು ತೋರಿಸಿಕೊಟ್ಟನು.

ಇಷ್ಟೆಲ್ಲ ಕೌಶಲವನ್ನೂ ಒಂದೇ ಅವಜ್ಞೆಯಿಂದ ವ್ಯರ್ಥಗೊಳಿಸಬಹುದೆಂಬುದು ಈ ಶಾಸ್ತ್ರದ ಅತ್ಯಂತ ಮುಖ್ಯವಾದ ಪಾಠ. ಶ್ರೋತೃಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಕೆನಡಾದ ರಾಬರ್ಟ್ ಪಿಲಿಯರ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ, ನಾಯಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದ ಸಂಗತಿಯೇನೆಂದರೆ, ಲೋಹಕ್ಕೂ ಎಲುಬಿಗೂ ನಡುವೆ ನೂರೈವತ್ತು ಮೈಕ್ರೊಮೀಟರುಗಳಿಗಿಂತ ಹೆಚ್ಚಿನ ಅಲುಗಾಟವಿದ್ದರೆ ರಂಧ್ರಗಳಲ್ಲಿ ಎಲುಬು ಬೆಳೆಯದೆ ನಾರಿನ ಅಂಗಾಂಶವೇ ತುಂಬಿಕೊಳ್ಳುತ್ತದೆ. ಅಲುಗಾಟ ಇದಕ್ಕಿಂತ ಬಹಳ ಕಡಿಮೆಯಾದಾಗ ಮಾತ್ರ ನಿಜವಾದ ಎಲುಬಿಗೆ ಆಸ್ಪದ. ಮಿಲಿಮೀಟರಿನ ಆರರಲ್ಲೊಂದು ಪಾಲಿಗೂ ಕಡಿಮೆಯಾದ ಈ ಚಲನೆ ಕಣ್ಣಿಗೆ ಕಾಣದು, ರೋಗಿಯ ಅರಿವಿಗೂ ಬಾರದು. ಆದಕಾರಣವೇ ಶಸ್ತ್ರವೈದ್ಯನು ಬಟ್ಟಲಿನ ಅಳತೆಗಿಂತ ಒಂದು ಮಿಲಿಮೀಟರಿನಷ್ಟು ಕಿರಿದಾಗಿ ಎಲುಬನ್ನು ಕೊರೆದು, ಬಟ್ಟಲನ್ನು ಬಿಗಿಯಾಗಿ ಒತ್ತಿ ಕೂರಿಸುತ್ತಾನೆ. ಆ ಮೊದಲ ಬಿಗಿತ ಕೇವಲ ಯಾಂತ್ರಿಕವಾದುದು. ಕೊರೆದ ಗಾಯದ ಎಲುಬು ಕರಗುತ್ತ ಬಂದಂತೆ ಅದು ತುಸು ಸಡಿಲಿ, ಹೊಸ ಎಲುಬು ಬೆಳೆದಂತೆ ಎರಡನೆಯ, ಸಜೀವವಾದ ಬಿಗಿತ ಅದರ ಸ್ಥಾನವನ್ನು ತುಂಬಬೇಕು. ಈ ಕೈಬದಲಾವಣೆಗೆ ವಾರಗಳೇ ಬೇಕು, ಪರಿಪಾಕಕ್ಕೆ ತಿಂಗಳುಗಳು. ಎಷ್ಟು ದಿನ ಊರುಗೋಲು, ಎಷ್ಟು ಭಾರ ಹಾಕಬಹುದು, ಯಾವಾಗ ಮೆಟ್ಟಿಲು ಹತ್ತಬಹುದು ಎಂದು ವೈದ್ಯರು ಹಾಕಿಕೊಡುವ ನಿಯಮಗಳ ಹಿಂದಿರುವುದು ಈ ಲೆಕ್ಕಾಚಾರ. ನೋವು ಕಡಿಮೆಯಾಯಿತೆಂದು ಅವಧಿಗೆ ಮುನ್ನವೇ ತೋಟಕ್ಕೆ ಇಳಿದು ಸೋಗೆ ಎಳೆಯುವವನು ತನಗರಿವಿಲ್ಲದೆ ಆ ನೂರೈವತ್ತು ಮೈಕ್ರೊಮೀಟರುಗಳ ಗೆರೆಯನ್ನು ದಾಟುವ ಸಂಭವವಿದೆ.

ಎಲುಬಿಗೆ ಇನ್ನೊಬ್ಬ ಪ್ರತಿಸ್ಪರ್ಧಿಯೂ ಉಂಟು. ಲೋಹ ದೇಹದೊಳಗೆ ಹೊಕ್ಕ ಗಳಿಗೆಯಿಂದ ಅದರ ಮೈಯನ್ನು ಮೊದಲು ಆಕ್ರಮಿಸಿಕೊಳ್ಳುವವರು ಯಾರೆಂಬ ಪೈಪೋಟಿ ದೇಹದ ಜೀವಕೋಶಗಳಿಗೂ ಬ್ಯಾಕ್ಟೀರಿಯಗಳಿಗೂ ನಡುವೆ ನಡೆಯುತ್ತದೆಂದು ಅಮೆರಿಕದ ಆಂಥನಿ ಗ್ರಿಸ್ಟಿನ 1987ರಲ್ಲಿ ನಿರೂಪಿಸಿದನು. ಬ್ಯಾಕ್ಟೀರಿಯಗಳು ಗೆದ್ದರೆ ಲೋಳೆಯ ಪೊರೆಯೊಂದನ್ನು ಹೊದ್ದು, ಔಷಧಗಳೂ ತಲಪದಂತೆ ಅಲ್ಲಿ ನೆಲೆಯೂರುತ್ತವೆ. ಆಗ ಲೋಹವನ್ನೇ ತೆಗೆಯಬೇಕಾದೀತು. ಎಲುಬಿಗೆ ಇಷ್ಟವಾದ ಒರಟು ಮೈ ಬ್ಯಾಕ್ಟೀರಿಯಗಳಿಗೂ ಇಷ್ಟವಾಗಬಹುದಾದುದರಿಂದ ಒಬ್ಬರನ್ನು ಕರೆದು ಇನ್ನೊಬ್ಬರನ್ನು ತಡೆಯುವ ಮೈಯನ್ನು ರೂಪಿಸುವುದು ಕಠಿನವಾದ ಸಮಸ್ಯೆ. ಇದಕ್ಕೆ ಒಂದು ಸುಳುಹು ದೊರೆತದ್ದು ವಿಚಿತ್ರವಾದ ಕಡೆಯಿಂದ. ಬೇಸಗೆಯ ಕೊನೆಗೆ ಚಾರ್ಮಾಡಿಯ ಕಾಡುಗಳಲ್ಲಿ ಕಿವಿಗಡಚಿಕ್ಕುವಂತೆ ಮೊರೆಯುವ ಜೀರುಂಡೆಗಳ ವರ್ಗಕ್ಕೆ ಸೇರಿದ ಆಸ್ಟ್ರೇಲಿಯದ ಒಂದು ಕೀಟದ ರೆಕ್ಕೆಯ ಮೇಲೆ ನ್ಯಾನೊಮೀಟರು ಪ್ರಮಾಣದ ಮೊನೆಗಳ ಸಾಲುಗಳಿದ್ದು, ಅದರ ಮೇಲೆ ಕುಳಿತ ಕೆಲವು ಜಾತಿಯ ಬ್ಯಾಕ್ಟೀರಿಯಗಳ ಹೊರಪೊರೆ ಯಾವ ಔಷಧವೂ ಇಲ್ಲದೆ ಹರಿದುಹೋಗುತ್ತದೆಂದು 2012ರಲ್ಲಿ ಅಲ್ಲಿನ ವಿಜ್ಞಾನಿಗಳು ಕಂಡುಹಿಡಿದರು.

ನಮ್ಮ ರಾಜ್ಯದಲ್ಲಿಯೇ ಈ ಸುಳುಹನ್ನು ಹಿಡಿದು ನಡೆದವರಿದ್ದಾರೆಂಬುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿಯವರೂ ಅವರ ಸಂಗಡಿಗರೂ 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಟೈಟೇನಿಯಮ್ಮಿನ ಮೈಯನ್ನು ಅನಿಲಗಳ ಪ್ಲಾಸ್ಮಾದಿಂದ ಕೆತ್ತಿ, ಒತ್ತೊತ್ತಾಗಿ ನಿಂತ ಸೂಕ್ಷ್ಮವಾದ ಸ್ತಂಭಗಳನ್ನು ಎಬ್ಬಿಸಿದರು. ಬಿದ್ದ ಬೆಳಕು ಆ ಸ್ತಂಭಗಳ ನಡುವೆ ಸಿಲುಕಿ ಹಿಂದಿರುಗದೆ ಇರುವುದರಿಂದ ಬೆಳ್ಳಗೆ ಹೊಳೆಯಬೇಕಾದ ಲೋಹ ಕಪ್ಪಾಗಿ ಕಾಣುತ್ತದೆ. ಅದನ್ನವರು ಕರೆದದ್ದು ಕಪ್ಪು ಟೈಟೇನಿಯಮ್ಮೆಂದು. ಅದರ ಮೇಲೆ ಬ್ಯಾಕ್ಟೀರಿಯಗಳು ಸಾಯುತ್ತಿದ್ದುವು. ಮನುಷ್ಯನ ಮಜ್ಜೆಯ ಮೂಲಕೋಶಗಳಾದರೋ ನೆಲೆಸಿ ಎಲುಬು ಕಟ್ಟುವ ದಿಕ್ಕಿಗೆ ತಿರುಗುತ್ತಿದ್ದುವು. ಒಂದೇ ಮೈ ಅತಿಥಿಯನ್ನು ಬರಮಾಡಿ ಕಳ್ಳನನ್ನು ತಡೆಯುವ ಬಗೆ ಇದು.

ಆದರೆ ಪ್ರಯೋಗಶಾಲೆಯ ತಟ್ಟೆಗೂ ನಡೆಯುವ ಮನುಷ್ಯನ ಸೊಂಟಕ್ಕೂ ನಡುವಿನ ಹಾದಿ ದೀರ್ಘವಾದುದು. ಸೂಕ್ಷ್ಮಸ್ತಂಭಗಳು ಲೋಹವನ್ನು ಸುತ್ತಿಗೆಯಿಂದ ಬಡಿದು ಕೂರಿಸುವಾಗ ಉಳಿಯಬೇಕು. ಲೇಪಗಳು ವರ್ಷಾನುಗಟ್ಟಲೆ ಕಿತ್ತುಬರದೆ ಇರಬೇಕು. ಇವೆಲ್ಲವೂ ಪ್ರಾಣಿಗಳಲ್ಲಿ, ಆಮೇಲೆ ರೋಗಿಗಳಲ್ಲಿ, ಹತ್ತಿಪ್ಪತ್ತು ವರ್ಷಗಳ ದಾಖಲೆಗಳಿಂದ ಸಿದ್ಧವಾಗಬೇಕು. ಹೊಸತೆಂಬ ಕಾರಣಮಾತ್ರದಿಂದ ಹೊಸ ಮೈ ಹಳೆಯದಕ್ಕಿಂತ ಮೇಲಾಗುವುದಿಲ್ಲ. ಮಂಡಿಯ ಕೀಲುಗಳಲ್ಲಿ ಬಹುಪಾಲನ್ನು ಇಂದಿಗೂ ಚಾರ್ನ್ಲಿಯ ಸಿಮೆಂಟಿನಿಂದಲೇ ಕೂರಿಸುತ್ತಿದ್ದು, ಫಲಿತಾಂಶ ಉತ್ತಮವಾಗಿಯೇ ಇದೆಯೆಂಬುದು ಈ ಮಾತಿಗೆ ಸಾಕ್ಷಿ. ವೆಚ್ಚದ ವಿಚಾರವೂ ಸಾಮಾನ್ಯವಾದುದಲ್ಲ. 2017ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರವು ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಮ್ ಮಂಡಿಯ ಕೀಲಿಗೆ ತೆರಿಗೆಯ ಹೊರತಾಗಿ 54,720 ರೂಪಾಯಿಗಳ ಮಿತಿಯನ್ನು ವಿಧಿಸಬೇಕಾಗಿ ಬಂದುದೇ, ಅದಕ್ಕೆ ಮುನ್ನ ಬಡವರ ಮೇಲೆ ಬೀಳುತ್ತಿದ್ದ ಹೊರೆಯನ್ನು ಊಹಿಸಲು ಸಾಕು.

ನಮ್ಮ ಅಗತ್ಯಗಳು ಪರದೇಶದವರ ಅಗತ್ಯಗಳಿಗಿಂತ ಕೆಲಮಟ್ಟಿಗೆ ಬೇರೆಯಾಗಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರುಗಾಲಿನಲ್ಲಿ ಕುಳಿತು ಅಡಿಕೆ ಸುಲಿಯುವ, ಬೀಡಿ ಕಟ್ಟುವ, ಗದ್ದೆಯಲ್ಲಿ ಬಾಗಿ ನೇಜಿ ನೆಡುವ ಜನರಿಗೆ ಕುರ್ಚಿಯ ಬಾಳನ್ನು ಬಾಳುವವರಿಗಾಗಿ ಕಲ್ಪಿಸಿದ ಕೀಲು ಸಾಕಾಗದು. ಘಟ್ಟದ ಮೇಲಿನ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ನಡುವಿನಲ್ಲಿ ಗುರುತಿಸಲ್ಪಟ್ಟ ಆನುವಂಶಿಕ ಕಾಯಿಲೆಯಾದರೋ ಎಳೆಯ ಪ್ರಾಯದ ಬಡ ಕೂಲಿಕಾರರ ಸೊಂಟದ ಕೀಲುಗಳನ್ನೇ ಸವೆಯಿಸಿ ಹಾಕುತ್ತದೆ. ಇಪ್ಪತ್ತೈದರ ತರುಣನಿಗೆ ಕೃತಕ ಕೀಲನ್ನು ಕೊಡುವುದಾದರೆ ಅದು ಹದಿನೈದಿಪ್ಪತ್ತು ವರ್ಷಗಳಿಗೆ ಸಡಿಲವಾಗದೆ ನಾಲ್ಕೈದು ದಶಕ ಬಾಳಬೇಕು. ಎಲುಬಿನೊಡನೆ ಲೋಹದ ಬಂಧವನ್ನು ಬಲಗೊಳಿಸುವ ವಿದ್ಯೆ ಇಂಥವರಿಗೆ ಜೀವನದ ಪ್ರಶ್ನೆ.

ಈ ವಿದ್ಯೆ ಕೇವಲ ವೈದ್ಯರದೂ ಅಲ್ಲ. ಲೋಹಶಾಸ್ತ್ರ, ಯಂತ್ರಶಾಸ್ತ್ರ, ರಸಾಯನ, ಜೀವಶಾಸ್ತ್ರಗಳು ಕೂಡಿದ ಎಡೆಯಲ್ಲಿ ಅದು ಬೆಳೆಯುತ್ತದೆ. ಮೂಡುಬಿದಿರೆಯ ಮಿಜಾರಿನಲ್ಲಿ ಎರಡು, ಉಜಿರೆಯಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜುಗಳೂ, ಸುರತ್ಕಲ್ಲಿನಲ್ಲಿ 1960ರಿಂದ ನಡೆದುಬಂದ ರಾಷ್ಟ್ರೀಯ ಸಂಸ್ಥೆಯೂ, ಮಂಗಳೂರಿನ ಸುತ್ತ ಹಲವು ವೈದ್ಯಕೀಯ ವಿದ್ಯಾಲಯಗಳೂ ಇರುವ ಈ ಜಿಲ್ಲೆಯಲ್ಲಿ, ಒರಟುತನವನ್ನು ಅಳೆಯುವ ಯಂತ್ರ ಬಲ್ಲ ವಿದ್ಯಾರ್ಥಿಯೂ ಸಡಿಲವಾದ ಕೀಲನ್ನು ಹೊರತೆಗೆದ ಶಸ್ತ್ರವೈದ್ಯನೂ ಒಂದೇ ಮೇಜಿನ ಸುತ್ತ ಕೂರುವುದು ಅಸಾಧ್ಯವಾದುದೇನೂ ಅಲ್ಲ. ಹಾಗೆಯೇ, ಮುರಿಯದ ಎಲುಬಿಗೆ ಲೋಹವೇ ಬೇಡವೆಂಬುದನ್ನೂ ಮರೆಯಬಾರದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಕೋಮಾಲೆ ಗಣಪತಿ ಭಟ್ಟರು ಮರವೇರುವುದಕ್ಕಾಗಿ ರೂಪಿಸಿದ ಯಂತ್ರವೂ, ವಿಟ್ಲದ ಸಂಶೋಧನಾ ಕೇಂದ್ರ ಬೆಳೆಸಿದ ಗಿಡ್ಡ ತಳಿಯ ಅಡಿಕೆಯೂ ಮೂಳೆವೈದ್ಯನ ಕೆಲಸವನ್ನು ಮೊದಲೇ ತಪ್ಪಿಸುವ ಚಿಕಿತ್ಸೆಗಳೆಂದೇ ನಾನೆಣಿಸುತ್ತೇನೆ.

ಇಷ್ಟು ಹೇಳಿದುದರ ಸಾರ ಇದು. ಎಲುಬಿಗೂ ಲೋಹಕ್ಕೂ ಬೆಸುಗೆ ಹಾಕುವವನು ಶಸ್ತ್ರವೈದ್ಯನೂ ಅಲ್ಲ, ಇಂಜಿನಿಯರನೂ ಅಲ್ಲ. ಆ ಕೆಲಸವನ್ನು ಎಲುಬೇ ಮಾಡುತ್ತದೆ. ರಂಧ್ರ, ಒರಟು, ಲೇಪ, ಸೂಕ್ಷ್ಮಸ್ತಂಭಗಳೆಂಬ ಸಕಲ ವಿನ್ಯಾಸಗಳೂ ಅದಕ್ಕೆ ಕೊಡುವ ಅನುಕೂಲಗಳು ಮಾತ್ರ. ನಿಶ್ಚಲತೆಯೆಂಬ ಕೊನೆಯ ಅನುಕೂಲವನ್ನು ಕೊಡಬೇಕಾದವನು ರೋಗಿ. ಆದುದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಚಿಕಿತ್ಸೆ ನಡೆಯುವುದಿದ್ದರೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿರಿ: ಹಾಕುವ ಲೋಹ ಎಲುಬಿನೊಡನೆ ಬೆಸೆಯಬೇಕಾದದ್ದೋ, ಸಿಮೆಂಟಿನಲ್ಲಿ ನಿಲ್ಲುವಂಥದೋ, ಮುಂದೆ ತೆಗೆಯತಕ್ಕದ್ದೋ? ಅದರ ಮೇಲೆ ಪೂರ್ಣ ಭಾರ ಹಾಕಲು ಎಷ್ಟು ವಾರ ಕಾಯಬೇಕು? ಅದರ ತಯಾರಕರ ಹೆಸರೂ ಸಂಖ್ಯೆಯೂ ಉಳ್ಳ ಚೀಟಿಯನ್ನು ಕೊಡುವಿರಾ? ಆ ಚೀಟಿಯನ್ನು ಜಾಗದ ಕಾಗದಪತ್ರಗಳ ಜತೆಯಲ್ಲಿಯೇ ಜೋಪಾನವಾಗಿಡಿರಿ. ಇಪ್ಪತ್ತು ವರ್ಷಗಳ ಮೇಲೆ ಆ ಕೀಲನ್ನು ಬಿಚ್ಚಿ ನೋಡಬೇಕಾದ ವೈದ್ಯನು ಮೊದಲು ಕೇಳುವುದು ಅದನ್ನೇ.